ಎಣಿಸಬಾರದ ಕಾಯಿ

ಸೊಸೆ ಅಕ್ಕಿ ಡಬ್ಬದಲ್ಲಿ ಬೆಣ್ಣೆಹಣ್ಣು ಹುದುಗಿಸಿಟ್ಟಿದ್ದಾಳೆ. ಅಕ್ಕಿ ತೆಗೆಯಲು ಹೋದರೆ ಕೈಗೆ ತಣ್ಣಗೆ ತಾಗಿತು. ಮೊನ್ನೆ ಮೂರಿದ್ದವು, ಈಗ ಎರಡೇ. ನಗಬೇಡಿ, ಎಣಿಸುವುದು ನನ್ನ ಹಳೆಯ ರೋಗ. ಅದು ಅಂಟಿದ್ದು ಹೊನ್ನಾಳಿಯಲ್ಲಿ, ಇದೇ ಹಣ್ಣಿನಿಂದ.

ನಾನು ಮದುವೆಯಾಗಿ ಹೊನ್ನಾಳಿಗೆ ಬಂದ ವರ್ಷ ಪಕ್ಕದ ಮನೆಯ ಬೂಬಮ್ಮನ ತಮ್ಮ ಸಿಲೋನಿನಿಂದ ಬಂದಿದ್ದ. ಅವನು ತಂದ ಎರಡು ಬೀಜಗಳಲ್ಲಿ ಒಂದನ್ನು ಆಕೆ ಹಿತ್ತಲ ಗೋಡೆ ಕುಸಿದಿದ್ದ ಸಂದಿಯಿಂದ ನನ್ನ ಕೈಗಿಟ್ಟಳು. ಆ ಸಂದಿಯೇ ನಮ್ಮಿಬ್ಬರ ಬಾಗಿಲು. ಹೊಸ ಊರಿನಲ್ಲಿ ನನಗಿದ್ದ ಗೆಳತಿ ಆಕೆ ಒಬ್ಬಳೇ. ಆಕೆಯ ಗಿಡ ಒಣಗಿಹೋಯಿತು. ನಮ್ಮದು ಬಚ್ಚಲ ನೀರು ಕುಡಿದು ಸೂರು ದಾಟಿ, ಯುದ್ಧ ನಡೆಯುತ್ತಿದ್ದ ಕಾಲಕ್ಕೆ ಏಳು ಕಾಯಿ ಬಿಟ್ಟಿತು.

ಏಳು ಎಂದು ಈಗ ಹೇಳುತ್ತಿದ್ದೇನೆ. ಆಗ ಹೇಳುವಂತಿರಲಿಲ್ಲ. ಎಳೆಗಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ, ಬಾಯಿಬಿಟ್ಟು ಎಣಿಸಿದರೆ ಉದುರುತ್ತದೆ ಎಂಬುದು ಅತ್ತೆಯ ಕಟ್ಟಳೆ. ಹಾಗಾಗಿ ಮನೆಮಂದಿಯೆಲ್ಲ ಹಲ್ಲುಜ್ಜುವ ನೆಪದಲ್ಲಿ ಮರದ ಕೆಳಗೆ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆವು. ಮಾವಿನಂತೆ ಹಳದಿಯಾಗುತ್ತದೆಂದು ತಿಂಗಳುಗಟ್ಟಲೆ ಕಾದೆವು. ಹಸಿರು ಹಸಿರಾಗಿಯೇ ಉಳಿಯಿತು.

ಒಂದು ಬೆಳಿಗ್ಗೆ ಆರೇ ಇದ್ದವು. ಎಲ್ಲಕ್ಕಿಂತ ದೊಡ್ಡದೇ ಮಾಯ. ಕೆಳಗೂ ಬಿದ್ದಿರಲಿಲ್ಲ. ಯಾರನ್ನು ಕೇಳಲಿ? ಕೇಳಿದರೆ ಎಣಿಸಿದ್ದನ್ನು ಒಪ್ಪಿಕೊಂಡಂತೆ. ಅಷ್ಟರಲ್ಲಿ ಸಂದಿಯಲ್ಲಿ ಬೂಬಮ್ಮನ ಮುಖ ಕಂಡಿತು.

"ಕಾಯಿ ಚೆಂದ ಅದಾವಲ್ಲಮ್ಮಾ. ಕೀಳೋದು ಯಾವಾಗ?"

ಚೆಂದ ಅದಾವಂತೆ! ಹಿಂದಿನ ದಿನ ಆಕೆಯ ಸೆರಗು ಉಬ್ಬಿಕೊಂಡಿದ್ದುದು ನನಗೆ ನೆನಪಾಯಿತು. ಉಬ್ಬಿರಲಿಲ್ಲ, ಆದರೂ ನೆನಪಾಯಿತು. ತನ್ನ ಗಿಡ ಸತ್ತ ಹೊಟ್ಟೆಕಿಚ್ಚು, ಬೇರೇನು? ಮಧ್ಯಾಹ್ನವೇ ಜಾಲಿಮುಳ್ಳು ತಂದು ಸಂದಿಗೆ ಒಟ್ಟಿದೆ. ಮರುದಿನ ಮುಳ್ಳಿನಾಚೆಯಿಂದ "ಒಂಚೂರು ಮಜ್ಜಿಗೆ ಐತೇನಮ್ಮಾ?" ಎಂದು ಕೇಳಿದಳು. ಇಲ್ಲವೆಂದೆ. ಗಡಿಗೆ ತುಂಬ ಇತ್ತು.

ಎಂಟು ದಿನದ ಮೇಲೆ ಅತ್ತೆ ರಾಗಿ ಗುಡಾಣದಲ್ಲಿ ಕೈಯಾಡಿಸಿ ಅದೇ ಕಾಯಿಯನ್ನು ಹೊರತೆಗೆದರು. ಮೆತ್ತಗಾಗಿತ್ತು.

"ಮರದಾಗೆ ಹಣ್ಣಾಗೋ ಹಂಗೆ ಕಾಣ್ಲಿಲ್ಲ, ಕಿತ್ತು ರಾಗಿಯಾಗೆ ಇಟ್ಟಿದ್ದೆ. ಬೀಜ ಕೊಟ್ಟೋರಿಗೆ ಮೊದಲನೇ ಹಣ್ಣು ಹೋಗ್ಬೇಕು. ಬೂಬಮ್ಮಂಗೆ ಕೊಟ್ಟು ಬಾ ಹೋಗು."

ಸಂದಿ ಮುಚ್ಚಿದವಳು ನಾನೇ. ಬೀದಿ ಸುತ್ತಿಕೊಂಡು ಹೋದೆ. ನಾಚಿಕೆಯಿಂದ ಸತ್ತುಹೋಗಿದ್ದೆ. ಬೂಬಮ್ಮ ಹಣ್ಣು ಸೀಳಿ, ಬೆಲ್ಲ ಉದುರಿಸಿ, ಅರ್ಧ ನನಗೇ ಕೊಟ್ಟಳು. ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದೆ. ಆಕೆ ಬಿಡಲಿಲ್ಲ.

"ಮುಳ್ಳು ಹಾಕಿದ್ದು ಚಲೋ ಆತು ಬಿಡಮ್ಮಾ. ಕೋತಿ ಕಾಟ ಭಾಳ."

ಹೂಂ ಎಂದುಬಿಟ್ಟೆ. ಮನೆಗೆ ಬಂದು ಮುಳ್ಳು ಕಿತ್ತೆ. ಆಕೆಯನ್ನು ಕಳ್ಳಿಯೆಂದುಕೊಂಡಿದ್ದೆ ಎಂಬ ಮಾತನ್ನು ಮಾತ್ರ ಆಕೆ ಇರುವವರೆಗೂ ಆಡಲಾಗಲಿಲ್ಲ.

ಈಗ ಸೊಸೆಯನ್ನು ಕೂಗಿ ಕೇಳಿಯೇಬಿಟ್ಟೆ. "ಮೂರಿದ್ವಲ್ಲ, ಇನ್ನೊಂದೆಲ್ಲಿ?"

"ನಿನ್ನೆ ಮಧ್ಯಾಹ್ನ ನೀವೇ ತಿಂದ್ರಲ್ಲತ್ತೆ!"

ನೋಡಿ, ಕೇಳುವುದನ್ನಾದರೂ ಕಲಿತಿದ್ದೇನೆ. ಹೇಳುವುದೊಂದು ಬಾಕಿಯಿತ್ತು, ನಿಮಗೆ ಹೇಳುತ್ತೇನೆ. ನಮ್ಮ ಓಣಿಗೆ ಆಗ ಒಂದು ಕೋತಿಯೂ ಬರುತ್ತಿರಲಿಲ್ಲ. ಅದು ಬೂಬಮ್ಮನಿಗೂ ಗೊತ್ತಿತ್ತು.