ಗುದ್ದು ತಿಂದು ಇಟ್ಟ ಹೆಸರು

ದಿಲ್ಲಿಯಲ್ಲಿ ಹೊಸ ಬಾದಶಹರ ದರ್ಬಾರು ನಡೆದ ಮರುವರ್ಷದ ಶ್ರಾವಣ. ಇಲಕಲ್ಲಿನ ನನ್ನ ತವರಿನಲ್ಲಿ ತಮ್ಮ ಸಂಗಪ್ಪನ ಮೂರನೆಯ ಕೂಸಿಗೆ ಹೆಸರಿಡುವುದಿತ್ತು. ಮೂರನೆಯದೂ ಹೆಣ್ಣು. ಅವನ ಹೆಂಡತಿ ಗಂಗವ್ವನಿಗೆ ತಾಯಿ ಇರಲಿಲ್ಲವಾದ್ದರಿಂದ ಬಾಣಂತನವೂ ಅಲ್ಲೇ ನಡೆದಿತ್ತು. ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ನನ್ನದು. ಬಾಣಂತಿಗೆ ಗುಳೇದಗುಡ್ಡದ ಖಣ, ಕೂಸಿನ ತಲೆಗೊಂದು ಕುಂಚಿಗೆ, ಎರಡನ್ನೂ ಗಂಟು ಕಟ್ಟಿಕೊಂಡು ಗಂಡನ ಊರು ಗುಡೂರಿನಿಂದ ಚಕ್ಕಡಿಯಲ್ಲಿ ಹೋದೆ.

ಹೊಸ್ತಿಲು ದಾಟುವುದರೊಳಗೆ ಅವ್ವ ನನ್ನನ್ನು ಪಕ್ಕಕ್ಕೆ ಕರೆದಳು. "ಕೂಸಿಗೆ ನಿನ್ನ ಹೆಸರಽ ಇಡು. ನಿನ್ನ ಹೆಸರಿಗೆ ಗುಣ ಐತಿ" ಎಂದಳು.

ನನ್ನ ಹೆಸರು ಸಾಕವ್ವ. ನಾನು ನಾಲ್ಕನೆಯ ಹೆಣ್ಣು. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ, ದೇವರಿಗೆ ತಿಳಿಯಲಿ ಎಂದು ಕಡೆಯದಕ್ಕೆ ಈ ಹೆಸರಿಟ್ಟುಬಿಡುವುದು ನಮ್ಮ ಕಡೆಯ ರೂಢಿ. ನನ್ನ ಪಾಲಿಗೆ ದೇವರಿಗೆ ತಿಳಿದೂಬಿಟ್ಟಿತು, ನನ್ನ ಬೆನ್ನಿಗೇ ಸಂಗಪ್ಪ ಬಿದ್ದ. ಅಂದಿನಿಂದ ಓಣಿಯಲ್ಲಿ ನನಗೊಂದು ಬೆಲೆ! ಆದರೆ ಹೊತ್ತವಳಿಗಲ್ಲವೇ ಭಾರ ಗೊತ್ತು? ಪಂಕ್ತಿಯಲ್ಲಿ ಬಡಿಸುತ್ತ ಹೋದರೆ ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿದು "ಸಾಕವ್ವಾ, ಸಾಕು" ಎನ್ನುವರು. ಸಣ್ಣವಳಿದ್ದಾಗ ನಾನು ಪ್ರತಿ ಸಲವೂ "ಏನ್ರಿ?" ಎಂದು ತಿರುಗಿ ನೋಡುತ್ತಿದ್ದೆ. ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು. ನಾನೂ ನಗುತ್ತಿದ್ದೆ, ನಗದೆ ಮಾಡುವುದೇನು? ಮದುವೆಯಾದ ಮೇಲೆ ಸಾಲಿ ಮಾಸ್ತರರಾದ ನನ್ನ ಯಜಮಾನರು ನನಗೆ ಓದುಬರಹ ಕಲಿಸಿದರು. ಪಾಟಿಯ ಮೇಲೆ ಮೊದಲು ಬರೆಸಿದ್ದು ನನ್ನ ಹೆಸರನ್ನೇ. ಓದಿ ನೋಡಿದೆ, ಮನಸ್ಸಿಗೆ ಕೆಟ್ಟದೆನಿಸಿ ಒರೆಸಿಬಿಟ್ಟೆ.

ಅಲ್ಲಿಂದ ನೇರ ಬಾಣಂತಿಯ ಕೋಣೆಗೆ ಹೋದೆ. ಗಂಗವ್ವ ಗೋಡೆ ಕಡೆ ಮುಖ ಮಾಡಿ ಕುಳಿತಿದ್ದಳು. ಹೆಸರಿನ ವಿಷಯ ಅವಳ ಕಿವಿಗೂ ಬಿದ್ದಿತ್ತು. "ನಿಮಗ ತಿಳಿದಂಗ ಮಾಡ್ರಿ ಅಕ್ಕಾರ" ಎಂದಳು, ಅಷ್ಟೇ.

ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ನೆರೆದರು. ಗುಗ್ಗರಿ ಕುದ್ದು ಘಮಘಮ ಎನ್ನುತ್ತಿತ್ತು. ನಮ್ಮ ಪದ್ಧತಿ ತಿಳಿಯದವರಿಗೆ ಹೇಳುತ್ತೇನೆ: ಸೋದರತ್ತೆ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಉಳಿದವರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಶಾಸ್ತ್ರಕ್ಕೆಂದು ಮೆಲ್ಲಗೆ ಗುದ್ದುವವರೂ ಇದ್ದಾರೆ, ವರ್ಷದ ಸಿಟ್ಟು ತೀರಿಸಿಕೊಳ್ಳುವವರೂ ಇದ್ದಾರೆ.

ನಾನು ಬಾಗಿದೆ. ಕೂಸು ಕಣ್ಣು ಪಿಳುಕಿಸುತ್ತ ನನ್ನನ್ನೇ ನೋಡುತ್ತಿತ್ತು. ಪಾಪ, ಯಾರಿಗೆ ಏನು ಮಾಡಿತ್ತು ಅದು? ಬಂದು ಇನ್ನೂ ಹಾಲಿನ ರುಚಿಯೂ ಸರಿಯಾಗಿ ತಿಳಿಯದ ಜೀವಕ್ಕೆ 'ನೀನು ಸಾಕು' ಎಂದು ನಾನೇ ಹೇಳಬೇಕಿತ್ತು. ಬೆನ್ನ ಮೇಲೆ ದಬದಬ ಗುದ್ದು ಬಿದ್ದವು. ಆ ಗುದ್ದಿನ ನಡುವೆ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಬೇಕವ್ವ!"

ಕಿವಿಯಲ್ಲಿ ಉಸುರಬೇಕಾದದ್ದು ಓಣಿಗೆಲ್ಲ ಕೇಳಿಸಿತು. ಗುದ್ದುತ್ತಿದ್ದ ಕೈಗಳು ನಿಂತವು.

"ಗುದ್ದು ಜೋರ ಬಿತ್ತು ಕಾಣಸ್ತೈತಿ, ಬಾಯಿ ತಪ್ಪೇತಿ ಪಾಪ" ಎಂದಳು ಒಬ್ಬ ಮುದುಕಿ.

ಅವ್ವ ಮುಂದೆ ಬಂದಳು. "ಇನ್ನೊಮ್ಮೆ ಹೇಳು. ನೆಟ್ಟಗ ಹೇಳು."

"ನೆಟ್ಟಗಽ ಹೇಳೇನಿ ಬೇ. ಬೇಕವ್ವ."

"ಇಂಥಾ ಹೆಸರ ಎಲ್ಲ್ಯರ ಕೇಳೀಯೇನ? ಬೇಕು ಅಂದ್ರ ದೇವರು ಇನ್ನೊಂದು ಹೆಣ್ಣು ಕೊಡ್ತಾನ!"

"ಕೊಡಲಿ ಬಿಡು. ಮನಿಗೆ ಬಂದ ಕೂಸಿಗೆ ಸಾಕು ಅನ್ನಾಕ ನನಗ ಬಾಯಿ ಬರೂದಿಲ್ಲ. ಆ ಹೆಸರ ಹೊತ್ತಾಕಿ ನಾ ಒಬ್ಬಾಕಿ ಸಾಕು."

ಅವ್ವ ಬಾಗಿಲಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗಿ, "ಏ ಸಂಗ್ಯಾ, ನೀನರ ಹೇಳೋ" ಎಂದಳು. ಅವನು ತಲೆ ಕೆರೆಯುತ್ತ ಹೆಂಡತಿಯ ಮುಖ ನೋಡಿದ. ಅತ್ತೆಯ ಎದುರಿಗೆ ಎಂದೂ ದನಿ ಎತ್ತದ ಗಂಗವ್ವ ಎದ್ದು ಬಂದು ಕೂಸನ್ನು ಎತ್ತಿಕೊಂಡಳು.

"ಹೆಸರು ಕೂಸಿನ ಕಿವ್ಯಾಗ ಹೋತಲ್ರಿ ಅತ್ತಿ. ಹೋದದ್ದನ್ನ ಹೆಂಗ ಹೊರಗ ತಗೀಲಿ?"

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗುಗ್ಗರಿ ಹಂಚಿದರು. ಗಂಗವ್ವ ಕೂಸಿನ ಕೆನ್ನೆಗೆ ಕೆನ್ನೆ ಒತ್ತಿ "ಬೇಕವ್ವ, ಬೇಕವ್ವ" ಎನ್ನುತ್ತ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಅವ್ವ ಮಾತ್ರ ನಾನು ಹೊರಟಾಗ ಚಕ್ಕಡಿಯ ತನಕ ಬರಲಿಲ್ಲ.

ಮುಂದೆ ಗಂಗವ್ವನಿಗೆ ಮತ್ತೆ ಹೆಣ್ಣೇ ಆದಾಗ "ನಾ ಹೇಳಿದ್ದಿಲ್ಲೇನು?" ಎಂದು ಅವ್ವ ಗುಡೂರಿನ ತನಕ ಹೇಳಿಕಳಿಸಿದಳು. ಬೇಕವ್ವ ನಡೆದಾಡುವಂತಾದರೂ ಅವ್ವನ ಬಾಯಲ್ಲಿ ಅವಳು ಬರೀ 'ಏ ಕೂಸ'. ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ.

ಒಂದು ಸಲ ಪಂಚಮಿಗೆಂದು ತವರಿಗೆ ಹೋಗಿದ್ದೆ. ಬಳೆ ಮಾರುವ ಸಾಹೇಬರೊಬ್ಬರು ಕಟ್ಟೆಯ ಮೇಲೆ ಬಳೆಸರಗಳ ಮಲಾರ ಇಳಿಸಿ, ಅವ್ವನನ್ನು ನೋಡಿ, "ಏನ್ ಬೇಕವ್ವಾ?" ಎಂದರು. ಒಳಗಿದ್ದ ಹುಡುಗಿ ಓಡಿ ಬಂದು ಅಜ್ಜಿಯ ಕೈ ಹಿಡಿದು "ಆಯಿ, ಇವರಿಗೂ ನನ್ನ ಹೆಸರ ಗೊತ್ತೈತಿ!" ಎಂದು ಕುಣಿಯತೊಡಗಿದಳು.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. "ಹೌದ ನನ್ನವ್ವ, ಸಂತಿಗೆ ಸಂತಿನೇ ನಿನ್ನ ಹೆಸರ ಕೂಗತೈತಿ. ಬಾ ಬೇಕವ್ವ, ಬಳಿ ಇಡಿಸ್ಕೋ ಬಾ" ಎಂದು ತೊಡೆಯ ಮೇಲೆ ಕೂರಿಸಿಕೊಂಡಳು.

ಬಳೆಗಾರರು ಹೋದ ಮೇಲೆ, ಹುಡುಗಿಯ ಬಳೆ ಸರಿಪಡಿಸುತ್ತ, ನನ್ನ ಮುಖ ನೋಡದೆ ಅವ್ವ ಹೇಳಿದಳು: "ನಿನಗ ಆ ಹೆಸರ ಇಡಿಸಿದಾಕಿ ನಮ್ಮತ್ತಿ. ನನಗೇನ ನೀ ಸಾಕಾಗಿರಲಿಲ್ಲ. ಬಾಯಿ ತಗಿಯೂ ಧೈರ್ಯ ಇರಲಿಲ್ಲ, ಅಷ್ಟಽ. ನೀ ನನಗ ಬೇಕಾಗಿದ್ದಿ."

ಮಕ್ಕಳ ತಾಯಿಯಾಗಿದ್ದರೂ ನಾನು ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ. ಆ ಮಾತು ನನ್ನ ಕಿವಿಗೆ ಬೀಳಲು ಮೂವತ್ತು ವರ್ಷವೇ ಬೇಕಾಯಿತು. ಆದರೇನಂತೆ, ಅವ್ವನ ಬಾಯಿಂದಲೇ ಕೇಳಿದೆನಲ್ಲ.