ಬಳೆಗೆ ಸವರಿದ ಜಿಡ್ಡು

ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಐಸಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಅವಳದು ಒಂದೇ ಕೆಲಸ. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಡಬ್ಬಿಯೊಳಗೆ, ಚಿನ್ನದ ಲೇಪವಿದ್ದ ಪುಟ್ಟ ಬಿಲ್ಲೆಯ ಮೇಲೆ, ದೂರದ ಗ್ರಹಗಳ ಚಂದ್ರರಲ್ಲಿರುವಂಥ ಮಂಜುಗಡ್ಡೆ ಕಟ್ಟುವುದು. "ಊರೆಲ್ಲ ಫ್ರಿಜ್‌ನಲ್ಲಿ ಮಾಡೋದಕ್ಕೆ ನಿಂಗೆ ಸಂಬಳ ಬೇರೆ" ಎಂದು ಗಂಡ ರೇಗಿಸುತ್ತಿದ್ದ. ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ಮಾತ್ರ ಬಂದವರಿಗೆಲ್ಲ, "ಐಸಕ್ಕನ ಡಬ್ಬಿ ಅಂದ್ರೆ ಕನ್ನಡಿಯಷ್ಟು ಚೊಕ್ಕ" ಎನ್ನುತ್ತಿದ್ದರು.

ಆ ಬೆಳಿಗ್ಗೆ ಸಂಶೋಧನೆಯ ಹುಡುಗಿ ಅವಳ ಕೈ ಹಿಡಿದು ಪರದೆಯ ಮುಂದೆ ಕೂರಿಸಿದಳು. ಎಲೆಕ್ಟ್ರಾನ್ ಕಿರಣ ಹಾಯಿಸಿದ ಮಂಜಿನಲ್ಲಿ ಏನೇನಿದೆ ಎಂದು ತೋರಿಸುವ ಗ್ರಾಫಿನಲ್ಲಿ ಹೊಸದೊಂದು ಗೆರೆ ಎದ್ದಿತ್ತು.

"ಇಂಗಾಲದ ಹೊಸ ಸಂಯುಕ್ತ, ಅಕ್ಕ. ಆ ದೂರದ ಚಂದ್ರರ ಮೇಲೂ ಹೀಗೇ ಹುಟ್ತಿರಬಹುದು. ಮಧ್ಯಾಹ್ನ ಮೇಷ್ಟ್ರು ಲೇಖನ ಕಳಿಸ್ತಾರೆ. ಇದಕ್ಕೇ ಐದು ವರ್ಷ ಕಾದಿದ್ದೀನಿ."

ಐಸಕ್ಕ ನಕ್ಕಳು. ನಗು ತುಟಿಯಲ್ಲೇ ಉಳಿಯಿತು.

ಹೋದ ವಾರ ಡಬ್ಬಿಯ ಬಾಯಿಗೆ ಹೊಸ ರಬ್ಬರ್ ಬಳೆ ಕೂರಿಸಿ, ಗಾಳಿ ನುಸುಳದಿರಲೆಂದು ಜಿಡ್ಡು ಸವರಿದ್ದಳು. ಹೆಚ್ಚಾದದ್ದನ್ನು ಒರೆಸಬೇಕು. ಒರೆಸಿದ್ದೆನೆ? ಅಷ್ಟರಲ್ಲಿ ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನ್ ಬಂದಿತ್ತು. ಮುಂದಿನದು ನೆನಪಿಲ್ಲ. ಜಿಡ್ಡಿನಲ್ಲೂ ಇಂಗಾಲವಿದೆ; ಬಿಲ್ಲೆ ತಣ್ಣಗಿದ್ದಷ್ಟು ಹೊತ್ತೂ ಜಿಡ್ಡಿನ ಆವಿ ಬಂದು ಅದರ ಮೇಲೆ ಕೂರುತ್ತಲೇ ಇರುತ್ತದೆ. ಆ ಗೆರೆ ಜಿಡ್ಡಿನದೇ ಇರಬಹುದು.

ತೊಳೆದ ಬಟ್ಟಲುಗಳನ್ನೇ ಮತ್ತೆ ತೊಳೆದಳು. ಗಡಿಯಾರ ಹನ್ನೊಂದು ದಾಟಿತು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? 

"ಕಿರಣ ಹಾಯಿಸದೆ, ಬರೀ ಮಂಜು ಇಟ್ಟು ನೋಡಿದ್ದು ಯಾವಾಗ?" ಎಂದು ಕೊನೆಗೆ ಕೇಳಿದಳು.

"ಹೋದ ತಿಂಗಳು. ಯಾಕಕ್ಕ?"

"ಬಳೆ ಬದಲಾಯಿಸಿದ್ದು ಅದಾದ್ಮೇಲೆ ಕಣೆ. ಜಿಡ್ಡು ಒರೆಸಿದ್ನೋ ಇಲ್ವೋ, ನೆನಪಾಗ್ತಿಲ್ಲ."

ಹುಡುಗಿ ಗಡಿಯಾರದತ್ತ ನೋಡಿದಳು. "ಮತ್ತೆ ನೋಡೋಕೆ ನಾಲ್ಕು ಗಂಟೆ ಬೇಕು. ಮೇಷ್ಟ್ರಿಗೆ ಏನು ಹೇಳ್ಲಿ?"

"ನೀನೇನೂ ಹೇಳ್ಬೇಡ. ನಾನು ಹೇಳ್ತೀನಿ."

ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ ಹಾಗಾದ್ರೆ" ಎಂದರು, ಅಷ್ಟೆ.

ಇಬ್ಬರೂ ಪರದೆಯ ಮುಂದೆ ಕೂತರು. ತಂದ ಚಹಾ ಆರಿಹೋಯಿತು. ಮೊದಲ ಗಂಟೆ ಏನೂ ಇಲ್ಲ. ಎರಡನೆಯ ಗಂಟೆಯೂ ಇಲ್ಲ. ಐಸಕ್ಕನಿಗೆ ಉಸಿರು ಹಗುರಾಗತೊಡಗಿತು. ಮೂರನೆಯದರಲ್ಲಿ, ಕಿರಣದ ಸೋಂಕೇ ಇಲ್ಲದ ಮಂಜಿನ ಗ್ರಾಫಿನಲ್ಲಿ, ಅದೇ ಜಾಗದಲ್ಲಿ ಅದೇ ಗೆರೆ ಮೆಲ್ಲಗೆ ತಲೆಯೆತ್ತಿತು.

 ಐಸಕ್ಕ ಹುಡುಗಿಯತ್ತ ನೋಡುವ ಧೈರ್ಯ ಮಾಡಲಿಲ್ಲ.

"ಡಬ್ಬಿ ಬೆಚ್ಚಗಾಗ್ಲಿ" ಎಂದಳು ಹುಡುಗಿ ಕಡೆಗೆ. "ನಾಳೆ ಬಳೆ ತೆಗೆದು ಜಿಡ್ಡು ಒರೆಸೋಣ."

ಕೈಗವಸಿನ ಪೆಟ್ಟಿಗೆಯಿಂದ ನಾಳೆಗೆಂದು ಎರಡು ಜೊತೆ ತೆಗೆದು, ಒಂದನ್ನು ಐಸಕ್ಕನ ಮುಂದಿಟ್ಟಳು.