ಹತ್ತು ನಿಮಿಷ ಸಾಕು ಎಂದಿದ್ದೆ

ಕಳೆದ ವಾರ ಸಾಗರದ ರಿಪೇರಿ ಅಂಗಡಿಯಲ್ಲಿ ನನ್ನ ಹಳೆಯ ಕಂಪ್ಯೂಟರಿನ ಮುಚ್ಚಳ ತೆಗೆದಾಗ ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವನು ಏನೋ ಹೇಳುತ್ತಿದ್ದ... ನನಗೆ ಹೊಸನಗರದ ಕಂಪ್ಯೂಟರ್ ಸೆಂಟರ್ ನೆನಪಾಗಿತ್ತು. ಅಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಮೇಡಂ ನೆನಪಾಗಿದ್ದರು.

ನಾನು ಟೈಪಿಂಗ್ ಹೇಳಿಕೊಡುತ್ತಿದ್ದೆ, ಅವರು ಕಂಪ್ಯೂಟರ್. ನಮ್ಮ ಆರು ಯಂತ್ರಗಳೂ ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟುಕೊಟ್ಟಂಥವು. ಅವಕ್ಕೆ ಮೇಡಂ ರೆಡಿ ಪ್ಯಾಕೇಜ್ ಹಾಕುತ್ತಿರಲಿಲ್ಲ. ಪ್ರೋಗ್ರಾಂ ಬರೆದವರು ಬರೆದ ಹಾಗೇ ಇರುವ ಸೋರ್ಸ್ ತಂದು, ಓದಿ, ಬೇಡದ್ದನ್ನು ತೆಗೆದು, ಆ ಯಂತ್ರದಲ್ಲೇ ಕಂಪೈಲ್ ಮಾಡಿ ಓಡುವ ರೂಪಕ್ಕೆ ತರುತ್ತಿದ್ದರು. ಒಂದೊಂದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಭಾನುವಾರವೂ ಬಂದು ಕೂರುತ್ತಿದ್ದರು.

"ರೆಡಿ ಸಿಗ್ತದಲ್ಲ ಮೇಡಂ, ಯಾಕೆ ಇಷ್ಟು ಒದ್ದಾಟ?" ಎಂದು ಒಮ್ಮೆ ಕೇಳಿದ್ದೆ.

"ಬೇರೆಯವ್ರು ಕಟ್ಟಿಕೊಟ್ಟಿದ್ದು ಕೆಟ್ರೆ ಎಲ್ಲಿ ಅಂತ ಹುಡುಕೋದು ಮಾರಾಯ್ತಿ?" ಎಂದರು. ಆಮೇಲೆ ಸಣ್ಣಗೆ, "ಇಲ್ಲಿ ಕೂತ್ರೆ ನಂಗೂ ಸಮಾಧಾನ."

ಅವರ ಕುತ್ತಿಗೆಯಲ್ಲಿ ಹಳದಿಗಟ್ಟಿದ ಬಾಸುಂಡೆಗಳಿದ್ದವು. ಕಂಡಿದ್ದೆ, ಕೇಳಿರಲಿಲ್ಲ...

ಒಂದು ಶನಿವಾರ ಮೇಡಂ ಊಟಕ್ಕೆ ಹೋಗಿದ್ದಾಗ ಅವರ ಗಂಡ ಫೋನ್ ಮಾಡಿದ. "ಅದೆಂತ ಎರಡು ದಿನದ ಕೆಲಸ ನಿಮ್ಮಲ್ಲಿ?" ಎಂದು ನಯವಾಗಿಯೇ ಕೇಳಿದ. "ಪ್ಯಾಕೇಜ್ ಹಾಕಿದ್ರೆ ಹತ್ತು ನಿಮಿಷ ಸಾಕು, ನಿಮ್ಮ ಹೆಂಡ್ತಿ ಕೇಳ್ಬೇಕಲ್ಲ!" ಎಂದು ನಗುತ್ತಾ ಹೇಳಿಬಿಟ್ಟೆ.

ಮರುದಿನ ಮಧ್ಯಾಹ್ನ ಪ್ರಶ್ನೆಪತ್ರಿಕೆ ಟೈಪ್ ಮಾಡಲು ನಾನೂ ಸೆಂಟರಿಗೆ ಹೋಗಿದ್ದೆ. ಮೇಡಂ ಎದುರಿನ ಪರದೆಯ ಮೇಲೆ ಕಂಪೈಲಿನ ಸಾಲುಗಳು ಓಡುತ್ತಿದ್ದವು. ಅವರ ಗಂಡ ಬಂದವನೇ ಮೇಡಂ ಅವರ ಜಡೆ ಹಿಡಿದೆಳೆದು ಮುಖವನ್ನು ಮಾನಿಟರಿಗೆ ಗುದ್ದಿದ. ಮತ್ತೊಮ್ಮೆ ಗುದ್ದಿದ. "ಹತ್ತು ನಿಮಿಷದ ಕೆಲಸವಂತೆ! ಎರಡು ದಿನ ಇಲ್ಲಿ ಯಾರ ಜೊತೆ ಇರ್ತೀಯೇ?" ಹಲ್ಲೊಂದು ಕೀಬೋರ್ಡಿನ ಮೇಲೆ ಬಿತ್ತು. ಮೇಡಂ ನನ್ನತ್ತ ನೋಡಿದರು. ಹೇಳಿದ್ದು ಯಾರೆಂದು ಅವರಿಗೆ ಗೊತ್ತಾಯಿತು. ಅವರನ್ನು ನೆಲಕ್ಕೆ ಕೆಡವಿ ಹೊಟ್ಟೆಗೆ ಒದೆಯತೊಡಗಿದಾಗ ನಾನು ಸ್ಟೂಲ್ ಎತ್ತಿ ಅವನ ಬೆನ್ನಿಗೆ ಬಾರಿಸಿದೆ. ತಿರುಗಿದ. ಭುಜಕ್ಕೆ ಇನ್ನೊಂದು ಹಾಕಿದೆ. ಬೈಯುತ್ತಾ ಮೆಟ್ಟಿಲಿಳಿದು ಹೋದ.

"ಇಲ್ಲಿ ಬೇಡ, ಎಲ್ರಿಗೂ ಗುರ್ತು," ಎಂದರು ಮೇಡಂ. ತೀರ್ಥಹಳ್ಳಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ನನ್ನ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಕಂಪೈಲ್ ಮುಗಿಯುವವರೆಗೆ ಅವರು ಮನೆಗೆ ಹೋಗಬೇಕಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆ ಬಸ್ಸಿನಲ್ಲಿ. ತಪ್ಪಾಯ್ತು ಎನ್ನಲು ಹೊರಟೆ... ಕಂಡಕ್ಟರ್ ಬಂದ, ಎರಡು ಟಿಕೆಟ್ ಕೇಳಿದೆ. ಇಳಿಯುವಾಗ ಅವರೇ, "ಕಂಪ್ಲೇಂಟ್ ಎಲ್ಲ ಬೇಡ. ಮತ್ತೆ ಅಲ್ಲಿಗೇ ಹೋಗ್ಬೇಕಲ್ಲ," ಎಂದರು.

ಅವರು ಮತ್ತೆ ಸೆಂಟರಿಗೆ ಬರಲಿಲ್ಲ. ಎರಡು ತಿಂಗಳಿಗೆ, ಬಚ್ಚಲಲ್ಲಿ ಜಾರಿ ಬಿದ್ದು ತೀರಿಹೋದರಂತೆ ಎಂಬ ಸುದ್ದಿ ಬಂತು. ನಾನು ನಂಬಲಿಲ್ಲ. ಸ್ಟೇಷನ್ನಿಗೆ ಹೋಗಿ ಆ ಭಾನುವಾರ ಕಂಡದ್ದನ್ನೆಲ್ಲ ಬರೆಸಿದೆ. ಕೋರ್ಟಿನಲ್ಲೂ ಅವನೆದುರಿಗೇ ನಿಂತು ಹೇಳಿದೆ. ಅವನಿಗೆ ಶಿಕ್ಷೆಯಾಯಿತು. ಊರಿನವರು ನನ್ನ ಧೈರ್ಯ ಹೊಗಳಿದರು.

ಫೋನಿನಲ್ಲಿ ನಾನು ಆಡಿದ ಮಾತನ್ನು ಅವನ ವಕೀಲರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಷ್ಟು ವರ್ಷಗಳ ಮೇಲೆ ಇವತ್ತು ಬರೆಯುತ್ತಿದ್ದೇನೆ. ನನ್ನನ್ನು ಬೈಯಲಿಕ್ಕಾದರೂ ಮೇಡಂ ಇರಬೇಕಿತ್ತು.